ಅಪ್‌ಡೇಟ್: ದೃಢೀಕರಣ ಆದಮೇಲೆ ಯುವಕೂಟಕ್ಕೆ ಬಾರದ ಮಕ್ಕಳು

ದೃಢೀಕರಣ (ಮಕ್ಕಳು ತಮ್ಮ ನಂಬಿಕೆಯನ್ನ ತಾವೇ ಒಪ್ಪಿ ಹೇಳೋ ಚರ್ಚ್ ವಿಧಿ) ಮುಗಿದು ಕರ್ತನ ಭೋಜನ (ಆರಾಧನೆಯಲ್ಲಿ ಕೊಡೋ ರೊಟ್ಟಿ, ದ್ರಾಕ್ಷಾರಸ) ತಗೊಂಡ ಮಕ್ಕಳು ಆಮೇಲೆ ಚರ್ಚಿನ ಯುವಕೂಟದ ಕಡೆ ತಲೆನೇ ಹಾಕಲ್ಲ, ಏನು ಮಾಡೋದು ಅಂತ ಕೇಳಿದ್ದೆ. ನಮ್ಮದು ಹುಬ್ಬಳ್ಳಿಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದ್ರೆ ಚರ್ಚ್. "ಗಿಟಾರ್, ಗೇಮ್ಸ್ ಆಮೇಲೆ ನೋಡಿ, ಮೊದಲು ಅವರ ಮನೆಗೆ ಹೋಗಿ" ಅಂದವರೇ ಹೆಚ್ಚು. ಹೋದ್ವಿ.

ಭಕ್ತಿ ಕಮ್ಮಿ ಆಗಿದೆ ಅನ್ನೋದೆಲ್ಲ ಸುಳ್ಳು. ಪಿಯುಸಿ ಹುಡುಗರಿಗೆ ಭಾನುವಾರ ಬೆಳಿಗ್ಗೆನೇ ನೀಟ್ ಕೋಚಿಂಗ್ ಟೆಸ್ಟ್. ಇನ್ನೊಂದು ಮನೆಯಲ್ಲಿ ಅಪ್ಪ ರೈಲ್ವೆ ಗಾರ್ಡ್, ಅಮ್ಮ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದವರು ಬಟ್ಟೆ ಕೂಡ ಬದಲಿಸದೆ ನಮಗೆ ಚಹಾಕ್ಕಿಟ್ರು. ಮಗಳು ಒಲೆ ಮುಂದೆ ನಿಂತು ತಮ್ಮನಿಗೆ ಉಪ್ಪಿಟ್ಟು ತಿರುವ್ತಿದ್ಲು. "ಯಾಕಮ್ಮ ಕೂಟಕ್ಕೆ ಬರ್ತಿಲ್ಲ" ಅಂತ ಕೇಳೋಕೆ ಬಾಯೇ ಬರಲಿಲ್ಲ.

ಈಗ ಕೂಟ ಶನಿವಾರ ಸಂಜೆ, ಸರದಿ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ, ಅಪ್ಪ-ಅಮ್ಮನ ಜೊತೆಗೇ. ಚರ್ಚಿನ ಹೆಂಗಸರ ಸಂಘವಾದ ಸ್ತ್ರೀಯರ ಅನ್ಯೋನ್ಯಕೂಟದವರು ಚಿಕ್ಕಮಕ್ಕಳನ್ನ ನೋಡ್ಕೋತಾರೆ. ಹಾಲ್ ಇರುವಾಗ ಮನೆ ಯಾಕೆ ಅಂತ ಕಮಿಟಿಯಲ್ಲಿ ಗೊಣಗಾಟ ಆಯ್ತು. (ಆಗದಿದ್ರೆ ಅದು ಕಮಿಟಿನೇ ಅಲ್ಲ ಬಿಡಿ.) ಸಭಾಪಾಲಕರು (ನಮ್ಮ ಪಾದ್ರಿ) ಬೈಬಲ್‌ನ ಧರ್ಮೋಪದೇಶಕಾಂಡ 6ನೇ ಅಧ್ಯಾಯ ಓದಿದ್ರು. ಮಕ್ಕಳಿಗೆ ಕಲಿಸೋ ಮಾತು ಅಲ್ಲಿ ಶುರುವಾಗೋದೇ ಮನೆಯಿಂದ. ಯಾರೂ ಎದುರು ಮಾತಾಡಲಿಲ್ಲ.

ಕೋಚಿಂಗ್ ಹುಡುಗರು ಇನ್ನೂ ಅಷ್ಟಕ್ಕಷ್ಟೇ. ಬೆಂಗಳೂರಿಗೆ ಓದೋಕೆ ಹೋಗೋರಿಗೆ ಹಡ್ಸನ್ ಮೆಮೋರಿಯಲ್‌ನಂಥ ಕನ್ನಡ ಸಭೆಯ ವಿಳಾಸ ಕೊಟ್ಟು ಕಳಿಸ್ತಿದ್ದೀವಿ. ಅಲ್ಲಿ ಹೋಗ್ತಾರೋ ಇಲ್ವೋ ಕೇಳಿ ತಿಳ್ಕೊಳ್ಳೋ ಏರ್ಪಾಡು ಇನ್ನೂ ಆಗಿಲ್ಲ.