ಅಂಬಾಸಿಡರ್ ಡ್ರಮ್ ಬ್ರೇಕ್: ಎರಡನೇ ಸಲ ಒತ್ತಿದ್ರ ಮಾತ್ರ ಪೆಡಲ್ ಗಟ್ಟಿ, ಗಾಡಿ ಎಡಕ್ಕ ಎಳೀತದ

ಟಿಳಕವಾಡಿ_ಅಂಬಿ:
ನಮಸ್ಕಾರ್ರಿ. ಹಳೇ ಅಂಬಾಸಿಡರ್, ನಾಲ್ಕೂ ಗಾಲಿಗೆ ಡ್ರಮ್, ಬೂಸ್ಟರ್ (ಕಾಲಿನ ಬಲ ಹೆಚ್ಚಿಸೋ ಭಾಗ) ಇಲ್ಲ. ಮೊದಲ ಸಲ ಒತ್ತಿದಾಗ ಪೆಡಲ್ ಅರ್ಧಕ್ಕಿಂತ ಕೆಳಗ ಹೋಗ್ತದ, ಕೂಡಲೇ ಇನ್ನೊಮ್ಮೆ ಒತ್ತಿದ್ರ ಮ್ಯಾಲ ಗಟ್ಟಿ ನಿಲ್ತದ. ಜೋರಾಗಿ ಬ್ರೇಕ್ ಹಿಡಿದ್ರ ಗಾಡಿ ಎಡಕ್ಕ ಎಳೀತದ. ಬ್ರೇಕ್ ಆಯಿಲ್ ಮಟ್ಟನೂ ಇಳೀಲಿಕ್ಕತ್ತದ. ಚೋರ್ಲಾ ಘಾಟ್ ಮ್ಯಾಲ ಗೋವಾಕ್ಕ ಹೋಗೋದದ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋದು) ಬದಲಿಸಬೇಕೇನ್ರಿ?

ಹಳೇಗಾಲಿ:
ಸೋರಿಕೆ ಸಿಗೋತನಕ ಘಾಟ್ ಕಡೆ ಹೋಗಬ್ಯಾಡ್ರಿ. ಹಳೇ ಮಾಡೆಲ್‌ನ್ಯಾಗ ನಾಲ್ಕೂ ಗಾಲಿಗೆ ಒಂದೇ ಆಯಿಲ್ ಲೈನ್. ಒಂದು ಕಡೆ ಒಡೆದ್ರ ಎಲ್ಲಾ ಬ್ರೇಕ್ ಹೋಗ್ತದ.

ಎರಡನೇ ಸಲಕ್ಕ ಪೆಡಲ್ ಗಟ್ಟಿಯಾದ್ರ ಸಾಮಾನ್ಯವಾಗಿ ಲೈನರ್ (ಶೂ ಮ್ಯಾಲಿನ ಉಜ್ಜೋ ಪಟ್ಟಿ) ಸವೆದು, ಶೂ ಮತ್ತ ಅದು ಒಳಗಿಂದ ಒತ್ತೋ ಡ್ರಮ್ ನಡುವೆ ಸಂದು ಹೆಚ್ಚಾಗಿರ್ತದ. ಹೊರಗ ಎಲ್ಲೂ ಸೋರದೇ, ಒತ್ತಿ ಹಿಡಿದ ಪೆಡಲ್ ಮೆಲ್ಲಗ ಕುಸಿದ್ರ ಆಗ ಮಾಸ್ಟರ್ ಸಿಲಿಂಡರ್ ನೋಡ್ರಿ. ಪೆಡಲ್ ಮೆತ್ತಗಾದ್ರ ಲೈನ್‌ದಾಗ ಗಾಳಿ.

ಎಡಕ್ಕ ಎಳೀತದಂದ್ರ ಬಲಗಡೆ ಮುಂದಿನ ಗಾಲಿ ಹಿಡೀತಿಲ್ಲ, ಅದನ್ನೇ ಮೊದಲು ಬಿಚ್ಚರಿ. ಅದರಾಗ ಶೂನ ಡ್ರಮ್ಮಿಗೆ ಒತ್ತೋ ಎರಡು ವ್ಹೀಲ್ ಸಿಲಿಂಡರ್, ಒಂದೊಂದು ಶೂಗೆ ಒಂದೊಂದು. ರಬ್ಬರ್ ಟೊಪ್ಪಿಗಿ ಎತ್ತಿ ನೋಡ್ರಿ, ಒಳಗ ಹಸಿ ಇದ್ರ ಅದೇ ಕಳ್ಳ. ಸಿಲಿಂಡರ್ ಒಳಮೈ ನುಣುಪಾಗಿದ್ರ ವಾಷರ್ ಕಿಟ್ ಸಾಕು. ತುಕ್ಕಿನ ಗುಳಿ ಬಿದ್ದಿದ್ರ ಹೊಸಾ ಸಿಲಿಂಡರೇ ಹಾಕ್ರಿ, ಹೊಸಾ ವಾಷರ್ ಅಲ್ಲಿ ಬಾಳೋದಿಲ್ಲ. ಜೋಡಿಸುವಾಗ ಬ್ರೇಕ್ ಆಯಿಲ್ ಮಾತ್ರ ಸವರ್ರಿ. ಇಂಜಿನ್ ಆಯಿಲ್ ತಾಗಿದ್ರ ರಬ್ಬರ್ ಉಬ್ಬತದ.

ಆಯಿಲ್ ಕುಡಿದ ಲೈನರ್‌ನ ಪೆಟ್ರೋಲ್‌ನಿಂದ ತೊಳೆದು ಮತ್ತ ಹಾಕಬ್ಯಾಡ್ರಿ, ಬಿಸಿಯಾದಾಗ ಒಳಗಿನ ಆಯಿಲ್ ಹೊರಗ ಬರ್ತದ. ಎಡ-ಬಲ ಎರಡೂ ಕಡೆ ಒಂದೇ ಸೆಟ್ ಹಾಕ್ರಿ. ಹಳೇ ಲೈನರ್ ಧೂಳಿನ್ಯಾಗ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೀಬ್ಯಾಡ್ರಿ, ಒದ್ದೆ ಬಟ್ಟೆಯಿಂದ ಒರೆಸ್ರಿ.

ಟಿಳಕವಾಡಿ_ಅಂಬಿ:
ಬಲಗಡೆ ಕೆಳಗಿನ ಸಿಲಿಂಡರ್ ಹಸಿ ಅದ. ಡ್ರಮ್ಮಿನ ಅಂಚಿಗೆ ಗೀರೂ ಎದ್ದದ. ಅಡ್ಜಸ್ಟ್ ಮಾಡೋ ಕ್ರಮ ಹೇಳ್ರಿ.

ಬೆಳಗಾವಿ_ಲೇತ್:
ಡ್ರಮ್ ಒಂದನ್ನೇ ಲೇತ್ ಹೊಡೆಸಬೇಡಿ (ಯಂತ್ರದಲ್ಲಿ ಒಳಮೈ ಕಡೆಸಬೇಡಿ). ಮುಂದಿನ ಎರಡನ್ನೂ ಒಂದೇ ಅಳತೆಗೆ ತನ್ನಿ, ಇಲ್ಲದಿದ್ದರೆ ಎಳೆತ ಉಳಿಯುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್‌ಗೆ ಕೊರತೆ ಇಲ್ಲ. ಗೀರು ಹೋಗುವಷ್ಟು ಮಾತ್ರ ತೆಗೆಸಿ, ತೆಳುವಾದ ಡ್ರಮ್ ಬೇಗ ಕಾಯ್ದು ಅಂಡಾಕಾರವಾಗುತ್ತದೆ, ಪೆಡಲ್ ಕಾಲಿಗೆ ಒದೆಯತೊಡಗುತ್ತದೆ.

ಅಡ್ಜಸ್ಟ್ ಮಾಡುವಾಗ ಗಾಲಿ ಎತ್ತಿ ಸ್ಟ್ಯಾಂಡ್ ಕೊಡಿ; ಬರೀ ಜಾಕ್ ನಂಬಬೇಡಿ. ಮುಂದೆ ಪ್ರತಿ ಶೂಗೂ ಸಂದು ಹೊಂದಿಸುವ ಒಂದು ಅಡ್ಜಸ್ಟರ್. ಗಾಲಿ ಬಿಗಿಯುವವರೆಗೆ ತಿರುಗಿಸಿ, ಆಮೇಲೆ ಸಲೀಸಾಗಿ ತಿರುಗುವಷ್ಟು ಒಂದೊಂದೇ ಕ್ಲಿಕ್ ಹಿಂದಕ್ಕೆ. ಪೆಡಲ್ ಜೋರಾಗಿ ನಾಲ್ಕಾರು ಸಲ ಒತ್ತಿ, ಶೂ ತಮ್ಮ ಜಾಗದಲ್ಲಿ ಕೂತ ಮೇಲೆ ಮತ್ತೆ ನೋಡಿ. ಎರಡನೇ ಅಡ್ಜಸ್ಟರ್ ತಿರುಗಿಸದೆ ಬಿಟ್ಟರೆ ಒಂದೇ ಶೂ ಕೆಲಸ ಮಾಡುತ್ತದೆ; ಈ ತಪ್ಪು ಬಹಳ ಗಾಡಿಗಳಲ್ಲಿ ಕಾಣುತ್ತದೆ. ಹಿಂದಿನ ಗಾಲಿಗೆ ಮೊದಲು ಹ್ಯಾಂಡ್ ಬ್ರೇಕ್ ಬಿಡಿಸಿ, ಅದರ ಕೇಬಲ್ ಕೊನೆಗೆ ಬಿಗಿಸಿ.

ಲೈನಿನ ಗಾಳಿ ತೆಗೆಯುವ ಕ್ರಮ: ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್‌ನ ಸೀಲ್ ಡಬ್ಬಿ ಬಳಸಿ. ತೆರೆದಿಟ್ಟ ಆಯಿಲ್ ತೇವ ಎಳೆದುಕೊಂಡು ಇಳಿಜಾರಿನ ಬಿಸಿಗೆ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಹಳೇಗಾಲಿ:
ಒಂದು ಮಾತು ಉಳೀತು. ಹೊಸಾ ಲೈನರ್ ಡ್ರಮ್ಮಿಗೆ ಪೂರ್ತಿ ಕೂಡೋದಕ್ಕ ಸಮತಟ್ಟು ರಸ್ತೆದಾಗ ಕೆಲವು ನೂರು ಕಿಲೋಮೀಟರ್ ಓಡಸ್ರಿ. ಘಾಟ್‌ನ್ಯಾಗ ಸೆಕೆಂಡ್ ಗೇರ್. ಇನ್ನ ಮಳೆಗಾಲದಾಗ ಹ್ಯಾಂಡ್ ಬ್ರೇಕ್ ಎಳೆದು ದಿನಗಟ್ಟಲೇ ನಿಲ್ಲಿಸಿದ್ರ ಶೂ ತುಕ್ಕಿಗೆ ಡ್ರಮ್ಮಿಗೇ ಅಂಟತದ. ಗೇರ್‌ನ್ಯಾಗ ಬಿಟ್ಟು ಗಾಲಿಗೆ ಕಲ್ಲು ಕೊಡ್ರಿ.