ಗಾಂಜಾ ಅವಲಂಬನೆಯ ಔಷಧ ಪ್ರಯೋಗಕ್ಕೆ ತಮ್ಮನನ್ನು ಸೇರಿಸಬಹುದೇ?

ಪ್ರಶ್ನೆ (ಮಂಡ್ಯ):
ಆರು ವರ್ಷಗಳಿಂದ ಗಾಂಜಾ ಸೇದುತ್ತಿರುವ ನನ್ನ ತಮ್ಮ, ಬಿಡಲು ಯತ್ನಿಸಿದಾಗಲೆಲ್ಲ ನಿದ್ದೆಗೆಟ್ಟು, ತಟ್ಟೆಯಲ್ಲಿನ ಮುದ್ದೆಯನ್ನು ಮುರಿಯದೆಯೇ ಎದ್ದುಹೋಗುತ್ತಾನೆ. ಮೈಸೂರಿನ ವೈದ್ಯರೊಬ್ಬರು ಹೊಸ ಔಷಧದ ಪ್ರಯೋಗಕ್ಕೆ ಸೇರಬಹುದೆಂದು ಸೂಚಿಸಿದ್ದಾರೆ. ಪೊಲೀಸರಿಗೆ ತಿಳಿದೀತೆಂಬುದು ನಮ್ಮ ತಾಯಿಯವರ ಭಯ.

ಉತ್ತರ 1:
ಗಾಂಜಾ ಅವಲಂಬನೆಗೆಂದೇ ಅಂಗೀಕೃತವಾದ ಔಷಧವಿಲ್ಲದಿರುವುದರಿಂದ ಆಪ್ತಸಮಾಲೋಚನೆಯೇ ಇಂದಿಗೂ ಮುಖ್ಯ ಚಿಕಿತ್ಸೆಯಾಗಿದೆ. ಪ್ರಯೋಗಗಳು ನಡೆಯುವುದೂ ಅಂಥ ಔಷಧವನ್ನು ಹುಡುಕಲೆಂದೇ. ಮೊದಲು ಸಿಟಿಆರ್‌ಐ (ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆಯನ್ನು ಕೇಳಿ, ಅದರ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಔಷಧ ಪ್ರಯೋಗಗಳ ಕುರಿತ 2019ರ ನಿಯಮಗಳಂತೆ, ಭಾಗವಹಿಸುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಹಾಗೂ ಪರಿಹಾರಕ್ಕೂ ಅವಕಾಶವಿದೆ. ನಿಮ್ಮ ತಮ್ಮನಿಗೆ ಔಷಧದ ಬದಲು ಅದರಂತೆಯೇ ಕಾಣುವ ಬರಿಯ ಮಾತ್ರೆ, ಅಂದರೆ ಪ್ಲಸೀಬೊ, ಸಿಗಬಹುದೆಂಬುದನ್ನು ಈಗಲೇ ಅವನಿಗೆ ತಿಳಿಸಿಬಿಡಿ.

ಉತ್ತರ 2 (ಮೈಸೂರು):
ನಾನು ಇಂಥದೊಂದು ಪ್ರಯೋಗದಲ್ಲಿದ್ದೆ. ಒಪ್ಪಿಗೆ ಪತ್ರವನ್ನು ಮನೆಗೆ ತಂದು, ಅಕ್ಕನಿಂದ ಗಟ್ಟಿಯಾಗಿ ಓದಿಸಿಕೊಂಡ ಮೇಲೆಯೇ ಸಹಿ ಹಾಕಿದೆ. ದೀರ್ಘಕಾಲ ಸೇದಿದವರ ಮೂತ್ರದಲ್ಲಿ ಗಾಂಜಾದ ಅಂಶ ವಾರಗಟ್ಟಲೆ ಉಳಿಯುವುದರಿಂದ, ಬಿಟ್ಟ ನಂತರವೂ ಮೊದಲ ಪರೀಕ್ಷೆಗಳು ಪಾಸಿಟಿವ್ ಬಂದರೆ ಅವನನ್ನು ಅನುಮಾನಿಸಬೇಡಿ. ನನ್ನ ಮನೆಯಲ್ಲಿ ಅದೇ ದೊಡ್ಡ ಜಗಳವಾಯಿತು. ಬಸ್ ಖರ್ಚನ್ನು ಕೊಡಲು ಪ್ರಯೋಗದವರು ಸತಾಯಿಸಿದ್ದೂ ನಿಜ. ಯಾವಾಗ ಬೇಕಾದರೂ, ಕಾರಣ ಹೇಳದೆಯೇ, ಹೊರಬರಬಹುದು.

ಉತ್ತರ 3:
ತಾಯಿಯವರಿಗೆ ತಿಳಿಸಿ: 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಮಾರಾಟಕ್ಕೆ ಇದು ಅನ್ವಯಿಸದು. ಚಿಕಿತ್ಸೆ ಶುರುವಾಗುವವರೆಗೆ ನಿದ್ದೆಯ ಸಮಸ್ಯೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಸೋಮವಾರ ನೋಂದಣಿ ಸಂಖ್ಯೆಯನ್ನು ಕೇಳುತ್ತೇನೆ. ತಮ್ಮನೂ ಜೊತೆಗೆ ಬರಲು ಒಪ್ಪಿದ್ದಾನೆ.