ನಿವೃತ್ತಿಗೆ ಅಂತ ಈಗಲೇ ಎರಡನೇ ಮನೆ ಕಟ್ಟಿಸಬೇಕಾ?

ಪ್ರಶ್ನೆ: ನನಗೆ 48. ಊರಾಚೆ ಸೈಟ್ ಇದೆ. ಈಗಲೇ ಮನೆ ಕಟ್ಟಿಸಿಬಿಟ್ಟರೆ ಸಂಬಳ ಬರುತ್ತಿರುವಾಗಲೇ ಸಾಲ ತೀರುತ್ತದೆ ಅನ್ನೋದು ನನ್ನ ಲೆಕ್ಕ. ಹೆಂಡತಿ ಮಾತ್ರ "ಅಲ್ಲಿ ಹೋಗಿ ಯಾರ ಮುಖ ನೋಡಿಕೊಂಡು ಕೂರೋದು?" ಅಂತಾಳೆ. ಏನು ಮಾಡಲಿ?

ಉತ್ತರ 1: ನಾನು ಕಟ್ಟಿಸಿ ಕೈ ಸುಟ್ಟುಕೊಂಡವನು, ಕೇಳಿ. ಖಾಲಿ ಮನೆ ಜನ ಇರೋ ಮನೆಗಿಂತ ಬೇಗ ಹಾಳಾಗುತ್ತದೆ. ಆರು ತಿಂಗಳು ಬಿಟ್ಟು ಬೀಗ ತೆಗೆದರೆ ಬಚ್ಚಲಿನ ಟ್ರ್ಯಾಪಿನಲ್ಲಿ (ವಾಸನೆ ಮೇಲೆ ಬರದ ಹಾಗೆ ನೀರು ನಿಲ್ಲೋ ಬಾಗಿದ ಪೈಪು) ನೀರು ಆರಿಹೋಗಿ ಮನೆಯೆಲ್ಲ ಚರಂಡಿ ವಾಸನೆ, ಬಾಗಿಲ ಚೌಕಟ್ಟಿಗೆ ಗೆದ್ದಲು, ಪಂಪ್ ಜಾಮ್. ರಜೆ ಅಂತ ಹೋದರೆ ಮೊದಲ ಎರಡು ದಿನ ಪೊರಕೆ ಹಿಡಿದೇ ಕಳೆಯುತ್ತದೆ. ಸೈಟ್ ಹಾಗೇ ಇರಲಿ ಬಿಡಿ.

ಉತ್ತರ 2: ನಾನು ಒಪ್ಪಲ್ಲ. 60 ದಾಟಿದ ಮೇಲೆ ಮೇಸ್ತ್ರಿ ಹಿಂದೆ ಓಡಾಡೋ ಶಕ್ತಿ ಎಲ್ಲಿರುತ್ತದೆ? ಆದರೆ ಕಟ್ಟಿಸಿದರೆ ಮುದುಕರಿಗೆ ಅಂತಲೇ ಕಟ್ಟಿಸಿ. ಮಲಗೋ ಕೋಣೆ, ಬಚ್ಚಲು ಎರಡೂ ಕೆಳಗೇ ಇರಲಿ. ಬಚ್ಚಲ ಬಾಗಿಲು 3 ಅಡಿ ಅಗಲ ಬಿಡಿಸಿ (ಸುಮ್ನೆ ಎರಡೂಕಾಲು ಅಡಿ ಇಟ್ಟುಬಿಡುತ್ತಾರೆ, ಆಮೇಲೆ ಗಾಲಿಕುರ್ಚಿ ನುಗ್ಗಲ್ಲ).

ಉತ್ತರ 3: ಮೊದಲು ಅಲ್ಲೇ ಹತ್ತಿರ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಮಳೆಗಾಲವೂ ಸೇರಿ. ರಾತ್ರಿ ಹೊತ್ತು ಆಸ್ಪತ್ರೆಗೆ ಎಷ್ಟು ನಿಮಿಷ ಆಗುತ್ತದೆ ಅಂತ ನೀವೇ ಗಾಡಿ ಓಡಿಸಿ ನೋಡಿ. ಇನ್ನೊಂದು, ಮನೆಗೆ ಹಾಕಿದ ದುಡ್ಡು ಬೇಕೆಂದಾಗ ಕೈಗೆ ಸಿಗಲ್ಲ, ಒಂದು ಕೋಣೆ ಮಾತ್ರ ಮಾರೋಕೆ ಆಗಲ್ಲ ಅಲ್ವಾ?

ಕೇಳಿದವರು: ಬಾಡಿಗೆ ವಿಷಯ ಹೇಳಿದ್ದಕ್ಕೆ ಹೆಂಡತಿ ಮೊದಲ ಸಲ ತಲೆಯಾಡಿಸಿದಳು. ಸದ್ಯಕ್ಕೆ ಮನೆ ಹುಡುಕ್ತೀನಿ.